ಅಂಕಣ ಹಂಚ್ಕೊಂಡ್ವಿ, ಸೂರು ಹೆಂಗ ಹಂಚೋದು?

ನಮ್ಮ ಧಾರವಾಡ ಕಡೆ ಮನಿಯ ಅಳತೆ ಚದರಡಿಯಲ್ಲಿ ಇರಲಿಲ್ಲ, ಅಂಕಣದಲ್ಲಿತ್ತು. ಬೀಗತನಕ್ಕೆ ಬಂದವರು ಹೊಲ ಎಷ್ಟು ಎಕರೆ ಅಂತ ಕೇಳಿದ ಮೇಲೆ ಕೇಳುತ್ತಿದ್ದ ಎರಡನೇ ಪ್ರಶ್ನೆ, ‘ಮನಿ ಎಷ್ಟು ಅಂಕಣದ್ದು?’ ಎರಡು ಕಂಬದ ಸಾಲಿನ ನಡುವಿನ ಜಾಗಕ್ಕೆ ಅಂಕಣ ಅಂತ ಹೆಸರು. ಅದರ ಅಗಲ ಎಷ್ಟಿರಬೇಕು ಅಂತ ಯಾವ ಆರ್ಕಿಟೆಕ್ಟೂ ಹೇಳಿದ್ದಲ್ಲ. ಕಾಡಿನಿಂದ ಬಂಡಿ ಮೇಲೆ ಎಷ್ಟು ಉದ್ದದ ಮರ ತರಬಹುದು, ಆ ಮರ ಮೇಲಿನ ಭಾರಕ್ಕೆ ಬಗ್ಗದೆ ಎಷ್ಟು ದೂರ ನಿಲ್ಲುತ್ತದೆ, ಅಷ್ಟೇ ಒಂದು ಅಂಕಣ. ಕುಟುಂಬ ಬೆಳೆದಂಗ ಇನ್ನೊಂದು ಸಾಲು ಕಂಬ ನಿಲ್ಲಿಸಿ ಇನ್ನೊಂದು ಅಂಕಣ ಸೇರಿಸುತ್ತಿದ್ದರು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕಂದ್ರ ಪಕ್ಕಾ ಮಾಡ್ಯುಲರ್ ಡಿಸೈನ್.

ಸೇರಿಸೋಕೆ ಬರುವಂಥದ್ದು ಬಿಡಿಸೋಕೂ ಬರ್ತದ. ಇವತ್ತು ಧಾರವಾಡ ಜಿಲ್ಲೆಯ ಯಾವ ಊರಿನ ಹಳೆ ಓಣಿಗೆ ಹೋದರೂ ಒಂದು ದೃಶ್ಯ ಕಾಣ್ತದ. ಉದ್ದನೆಯ ಒಂದೇ ಕಲ್ಲಿನ ಗೋಡೆ. ಅದರಲ್ಲಿ ಒಂದು ಹಳೆಯ ದೊಡ್ಡ ತಲಬಾಗಿಲು, ಆಮೇಲೆ ಗೋಡೆ ಕೊರೆದು ಕೂರಿಸಿದ ಎರಡೋ ಮೂರೋ ಸಣ್ಣ ಬಾಗಿಲು. ಬಾಗಿಲಿಗೊಂದು ಕರೆಂಟ್ ಮೀಟರ್, ಬಾಗಿಲಿಗೊಂದು ಬಣ್ಣ. ಒಂದು ಕಾಲಕ್ಕೆ ಒಂದೇ ಕುಟುಂಬ, ಅದರ ದನ, ಅದರ ಕಾಳು ಎಲ್ಲಾ ಇದ್ದ ರೈತರ ಮನಿ ಈಗ ಮೂರು-ನಾಲ್ಕು ಮನಿ. ಇದು ಹೆಂಗಾಯ್ತು, ಇದರಲ್ಲಿ ಏನು ಉಳೀತು, ಏನು ಮುರೀತು ಅನ್ನೋದೇ ಈ ಬರಹ. ನಿಮ್ಮಲ್ಲಿ ಭಾಳ ಮಂದಿಗೆ ಊರಲ್ಲಿ ಇಂಥದೊಂದು ಮನಿಯ ಕಾಲುಭಾಗವೋ ಎಂಟನೇ ಭಾಗವೋ ಇದ್ದೇ ಇರ್ತದ. ಹಾಗಾಗಿ ಇದು ಬರೀ ಇತಿಹಾಸದ ಮಾತಲ್ಲ.

ಮಳೆಗೆ ತಕ್ಕ ಮನಿ

ನಮ್ಮೂರು ದುಮ್ಮವಾಡ, ಕಲಘಟಗಿ ತಾಲೂಕು. ಹುಬ್ಬಳ್ಳಿ-ಧಾರವಾಡದ ಮಂದಿಗೆ ಎಷ್ಟೋ ವರ್ಷ ನೀರು ಕುಡಿಸಿದ ನೀರಸಾಗರ ಕೆರೆ ನಮ್ಮೂರಿಗೆ ಹತ್ತಿರ. ಜಿಲ್ಲೆಯ ನಕ್ಷೆ ನೋಡಿದರೆ ನಾವು ಪಶ್ಚಿಮದ ಅಂಚು, ಮಲೆನಾಡಿನ ಸೆರಗು. ಪೂರ್ವಕ್ಕೆ ಹೋದಂಗ ನವಲಗುಂದ, ಅಣ್ಣಿಗೇರಿ, ಕುಂದಗೋಳ. ಅದು ಬೆಳವಲ, ಎರೆಭೂಮಿ. ಒಂದೇ ಜಿಲ್ಲೆಯಾದರೂ ಎರಡು ಕಡೆಯ ಮಳೆ ಬೇರೆ, ಹಂಗಾಗಿ ಮನಿಯ ತಲೆಯೂ ಬೇರೆ.

ಬೆಳವಲದಲ್ಲಿ ಮಳೆ ಕಡಿಮೆ. ಅಲ್ಲಿ ಮೇಲ್ಮುದ್ದಿ ಮನಿ, ಅಂದರೆ ಸಪಾಟು ಮಣ್ಣಿನ ಮಾಳಿಗಿ. ಕಂಬದ ಮೇಲೆ ಬೋದಿಗೆ, ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಅಡ್ಡಡ್ಡ ಜಂತಿ, ಜಂತಿ ಮೇಲೆ ಕಟ್ಟಿಗೆ ಸೀಳು, ಅದರ ಮೇಲೆ ತಪ್ಪಲು, ಎಲ್ಲದರ ಮೇಲೆ ದಪ್ಪಗೆ ಮಣ್ಣು. ಮೇಲ್ಪದರಕ್ಕೆ ಸವಳು ಮಣ್ಣು, ನೀರು ಬೇಗ ಇಳಿಯದಿರಲಿ ಅಂತ. ನಡುವೆ ಒಂದು ಬೆಳಕಿಂಡಿ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮಾಳಿಗಿ ಹತ್ತಿ ಹುಲ್ಲು ಕಿತ್ತು, ಬಿರುಕು ಮುಚ್ಚಿ, ಹೊಸ ಮಣ್ಣು ಹಾಕಬೇಕು. ಒಂದು ವರ್ಷ ತಪ್ಪಿದರೆ ಸೋರ್ತದ, ಎರಡು ವರ್ಷ ತಪ್ಪಿದರೆ ಜಂತಿ ಕೊಳೀತದ.

ನಮ್ಮ ಕಲಘಟಗಿ ಕಡೆ ಮಳೆ ಜಾಸ್ತಿ, ಕಾಡು ಹತ್ತಿರ. ಇಲ್ಲಿ ಇಳಿಜಾರಿನ ಹಂಚಿನ ಮಾಡು. ಮೊದಲು ಕುಂಬಾರರು ಮಾಡಿದ ನಾಡ ಹಂಚು. ಆಮೇಲೆ ಮಂಗಳೂರು ಹಂಚು ಬಂತು. ಬಾಸೆಲ್ ಮಿಷನ್ನಿನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. 1880ರ ದಶಕದಲ್ಲಿ ನಮ್ಮ ಭಾಗಕ್ಕೆ ರೈಲು ಬಂದ ಮೇಲೆ ದೂರದ ಸಾಮಾನು ತರಿಸೋದು ಸಲೀಸಾಯ್ತು. ಹಂಗಾಗಿ ‘ಹಳೇ ಮನಿ’ ಅಂತ ನಾವು ಅನ್ನೋದರ ಗೋಡೆಗೆ ಒಂದು ವಯಸ್ಸು, ಹಂಚಿಗೆ ಇನ್ನೊಂದು ವಯಸ್ಸು ಇರೋದು ಸಾಮಾನ್ಯ.

ಗೋಡೆ ಮಾತ್ರ ಎರಡೂ ಕಡೆ ಒಂದೇ ರೀತಿ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಸಿಮೆಂಟ್ ಇಲ್ಲ, ಸಾಮಾನ್ಯ ರೈತರ ಮನಿಯಲ್ಲಿ ಸುಣ್ಣದ ಗಾರೆಯೂ ಇಲ್ಲ. ಕೆಸರೇ ಗಾರೆ. ಎರಡು-ಮೂರು ಅಡಿ ದಪ್ಪ ಇರೋದರಿಂದ ಬ್ಯಾಸಗಿಯಲ್ಲಿ ಒಳಗೆ ತಂಪು. ಕಲ್ಲು ಅಲ್ಲಲ್ಲಿ ಸಿಕ್ಕಿದ್ದು. ಅದನ್ನ ಸಾದಾ ಕಲ್ಲು ಅಂದ್ಕೊಳ್ಳಬ್ಯಾಡ್ರಿ. ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಭೂವಿಜ್ಞಾನಿ 1880ರ ದಶಕದಲ್ಲಿ ಈ ಭಾಗದ ಶಿಲೆಗಳಿಗೆ ‘ಧಾರವಾರ್’ ಅಂತಲೇ ಹೆಸರಿಟ್ಟ. ಇವತ್ತಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕದಲ್ಲಿ ನಮ್ಮ ಜಿಲ್ಲೆಯ ಹೆಸರು ಇರೋದು ಆ ಕಾರಣಕ್ಕೆ. 250 ಕೋಟಿ ವರ್ಷಕ್ಕಿಂತ ಹಳೆಯ ಶಿಲೆ ಅದು. ಕಲ್ಲಿಗೆ ಏನೂ ಆಗೋದಿಲ್ಲ. ಗೋಡೆಯ ಆಯುಷ್ಯ ಇರೋದು ಕಲ್ಲಿನ ನಡುವಿನ ಕೆಸರಲ್ಲಿ. ತಲೆ ಮೇಲೆ ಸೂರು ಗಟ್ಟಿ ಇರೋ ತನಕ ಆ ಕೆಸರು ಕಲ್ಲಿನಂಗ ಇರ್ತದ. ಮೇಲಿಂದ ನೀರು ಇಳೀತು ಅಂದರೆ ಮತ್ತ ಕೆಸರೇ ಆಗ್ತದ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದ.

ದನದ ಅಂಕಣ, ಮಂದಿಯ ಅಂಕಣ

ಒಳಗೆ ಹೋಗೋಣ. ತಲಬಾಗಿಲು ದಾಟಿದರೆ ಮೊದಲು ಸಿಗೋದು ದನ. ಎರಡೂ ಕಡೆ ಗ್ವಾದಲಿ, ನಡುವೆ ನಡೆಯೋ ದಾರಿ. ಪ್ಯಾಟಿಯಿಂದ ಬಂದವರಿಗೆ ಇದು ವಿಚಿತ್ರ ಅನಸ್ತದ, ಮನಿಯ ಎದುರು ಭಾಗದಲ್ಲೇ ಕೊಟ್ಟಿಗೆ! ಆದರೆ ರೈತನ ಲೆಕ್ಕದಲ್ಲಿ ಎತ್ತು ಅಂದರೆ ಬಂಡವಾಳ. ಅದನ್ನ ಹೊರಗೆ ಬಿಟ್ಟು ಒಳಗೆ ಮಲಗಿದರೆ ನಿದ್ದೆ ಬರೋದಿಲ್ಲ. ದನದ ಅಂಕಣ ತಗ್ಗಿನಲ್ಲಿ, ಅದರ ಮುಂದೆ ಮೆಟ್ಟಿಲು ಹತ್ತಿದರೆ ಎತ್ತರದ ಕಟ್ಟಿ, ಅದೇ ಪಡಸಾಲಿ. ಗಂಜಲ, ನೀರು ಮೇಲೆ ಬರಬಾರದು ಅಂತ ಈ ತಗ್ಗು-ಎತ್ತರ. ಪಡಸಾಲಿ ದಾಟಿದರೆ ಒಳಗಿನ ಕೋಲಿಗಳು, ದೇವರ ಜಗಲಿ, ಅಡಗಿಮನಿ, ಬಚ್ಚಲು, ಹಿತ್ತಲ.

ಕಾಳು ಇಡೋದಕ್ಕೂ ಜಾಗ ಬೇಕಲ್ಲ. ಬೆಳವಲದ ಕಡೆ ಜೋಳಕ್ಕೆ ಹಗೇವು, ಅಂದರೆ ನೆಲದೊಳಗಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿ ಆಡೋದಿಲ್ಲ, ಹುಳ ಬದುಕೋದಿಲ್ಲ. ಮನುಷ್ಯನಿಗೂ ಅಷ್ಟೇ ಅಪಾಯ. ಅದಕ್ಕೇ ಬಾಯಿ ತೆರೆದ ಕೂಡಲೇ ಯಾರೂ ಇಳೀತಿರಲಿಲ್ಲ. ಗಾಳಿಯಾಡೋಕೆ ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಇಳೀತಿದ್ದರು. ನಮ್ಮ ಭತ್ತದ ಕಡೆ ನೆಲದ ತೇವಕ್ಕೆ ಹಗೇವು ಒಗ್ಗೋದಿಲ್ಲ, ಇಲ್ಲಿ ಕಣಜ.

ಈ ವ್ಯವಸ್ಥೆಯಲ್ಲಿ ಎರಡು ಥರದ ವಸ್ತು ಇದ್ದಾವ ನೋಡ್ರಿ. ಕಂಬ, ಕೋಲಿ, ಪಡಸಾಲಿ ಇವು ಎಣಿಸೋಕೆ ಬರುವಂಥವು. ಸೂರು, ಬಾವಿ, ತಲಬಾಗಿಲು, ಬೆಳಕಿಂಡಿ, ನಡುವಿನ ದಾರಿ ಇವು ಎಣಿಸಿದರೂ ಒಂದೇ.

ವಾಡೆಯಿಂದ ವಾಟ್ನಿಗೆ

ರೈತರ ಮನಿಯ ದೊಡ್ಡಣ್ಣ ಅಂದರೆ ವಾಡೆ. ದೇಸಾಯಿ, ನಾಡಗೌಡ, ನಾಡಗೀರ ಮನೆತನದವರ ಮನಿ. ಅದೇ ಅಂಕಣ, ಅದೇ ಕಂಬ, ಆದರೆ ಎತ್ತರದ ಆವರಣದ ಗೋಡೆ, ದಿಡ್ಡಿ ಬಾಗಿಲು, ಕೆಲವು ಕಡೆ ಕಾವಲಿಗೆ ಹುಡೇವು. ವಾಡೆ ಅನ್ನೋ ಮಾತು ಆವರಣ ಅನ್ನೋ ಅರ್ಥದ ‘ವಾಟ’ದಿಂದ ಬಂತು. ಪಾಲು ಮಾಡಿಕೊಳ್ಳೋದಕ್ಕೆ ನಾವು ಹೇಳೋ ‘ವಾಟ್ನಿ’ ಮರಾಠಿಯ ಹಂಚು ಅನ್ನೋ ಅರ್ಥದ ಮಾತಿಂದ ಬಂತು. ಕೇಳೋಕೆ ಅಕ್ಕ-ತಂಗಿ ಇದ್ದಂಗ ಅದಾವ, ಆದರೆ ಒಂದು ಕಟ್ಟೋ ಮಾತು, ಇನ್ನೊಂದು ಒಡೆಯೋ ಮಾತು.

ವಾಡೆ ನಡೀತಿದ್ದದ್ದು ವತನದ ಮೇಲೆ. 1818ರಲ್ಲಿ ಪೇಶ್ವೆಯರ ಕಾಲ ಮುಗಿದು ಧಾರವಾಡ ಇಂಗ್ಲಿಷರ ಮುಂಬೈ ಪ್ರಾಂತ್ಯಕ್ಕೆ ಸೇರಿದಾಗಲೂ ವತನ ಪೂರ್ತಿ ಹೋಗಲಿಲ್ಲ. ಹೋಗಿದ್ದು ಸ್ವಾತಂತ್ರ್ಯದ ಮೇಲೆ. ಮುಂಬೈ ಸರ್ಕಾರದ ಪರಗಣಾ ಮತ್ತು ಕುಲಕರ್ಣಿ ವತನ ರದ್ದತಿ ಕಾಯ್ದೆ 1951ರ ಮೇ 1ರಂದು ಜಾರಿಗೆ ಬಂತು. ಗೇಣಿದಾರರ ರಕ್ಷಣೆಗೆ 1948ರ ಕಾಯ್ದೆ ಮೊದಲೇ ಇತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ ಉಳುವವನೇ ಒಡೆಯನಾದ. ಉಳುವವರಿಗೆ ನ್ಯಾಯ ಸಿಕ್ಕಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೊಡ್ಡ ಮನಿಯ ಸೂರಿಗೆ ವರ್ಷಾ ವರ್ಷ ಮಣ್ಣು ಹಾಕಿಸುತ್ತಿದ್ದ ಆದಾಯ ಅಲ್ಲಿಗೆ ನಿಂತಿತು. ಹತ್ತು ಆಳು ಇಟ್ಟು ನಡೆಸಬೇಕಾದ ಕಟ್ಟಡ, ಆಳಿಲ್ಲದ ಕಾಲಕ್ಕೆ ಬಂದು ನಿಂತಿತು.

ಇಂಥ ಹೊತ್ತಲ್ಲಿ ವಾಟ್ನಿ ಬಿಟ್ಟು ಬೇರೆ ದಾರಿ ಹಿಡಿದವರೂ ಇದ್ದರು. ನವಲಗುಂದ-ಸಿರಸಂಗಿ ದೇಶಗತಿಯ ಲಿಂಗರಾಜ ದೇಸಾಯಿಯವರು (1861-1906) ತಮ್ಮ ಆಸ್ತಿಯನ್ನ ವಿದ್ಯಾರ್ಥಿಗಳ ಶಿಕ್ಷಣಕ್ಕೆ ಅಂತ ಬರೆದಿಟ್ಟರು. ಹಂಚದೆ ಉಳಿದ ಆ ಆಸ್ತಿಯಿಂದ ಓದಿದವರು ಎಷ್ಟು ಮಂದಿಯೋ. ಕುಂದಗೋಳದ ನಾಡಗೀರ ವಾಡೆಯದು ಇನ್ನೊಂದು ಕಥೆ. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸವಾಯಿ ಗಂಧರ್ವರು ಕುಂದಗೋಳದವರು, ನಾಡಗೀರರು ಅವರಿಗೆ ಆಸರೆಯಾದವರು. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಕಲಿಯೋಕೆ ಬಂದದ್ದು ಇದೇ ಊರಿಗೆ. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡ ಮೇಲೆ ಅವರ ಪುಣ್ಯತಿಥಿಗೆ ಆ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯೋದು ರೂಢಿಯಾಯಿತು. ಒಂದು ಕಟ್ಟಡಕ್ಕೆ ಎಲ್ಲರೂ ಸೇರಿ ಮಾಡೋ ಒಂದು ಕೆಲಸ ಇದ್ದರೆ ಅದರ ಸೂರನ್ನ ಯಾರಾದರೂ ನೋಡಿಕೊಳ್ತಾರೆ ಅನ್ನೋದಕ್ಕೆ ಅದು ಸಾಕ್ಷಿ.

ಆದರೆ ಎಲ್ಲರ ಮನಿಗೂ ಸವಾಯಿ ಗಂಧರ್ವರು ಬರೋದಿಲ್ಲ. ಉಳಿದ ಮನಿಗಳಿಗೆ ಬಂದದ್ದು ವಾಟ್ನಿ.

ಮೊದಲು ಒಲಿ, ಆಮೇಲೆ ಗೋಡೆ

ಒಂಬತ್ತು ಅಂಕಣದ ಮನಿ, ನಾಲ್ಕು ಜನ ಅಣ್ಣತಮ್ಮಂದಿರು ಅಂತ ಇಟ್ಟುಕೊಳ್ಳಿ. ಹಂಚಿಕೆ ಒಂದೇ ದಿನ ಆಗೋದಿಲ್ಲ. ಮೊದಲು ಬ್ಯಾರೆ ಆಗೋದು ಒಲಿ. ಅಡಗಿಮನಿಯ ಇನ್ನೊಂದು ಮೂಲೆಯಲ್ಲಿ ಎರಡನೇ ಒಲಿ ಹೂಡ್ತಾರ. ನೆಗೆಣ್ಣಿಯರು ಒಂದೇ ಬಚ್ಚಲು ಬಳಸ್ತಾರ, ಒಂದೇ ಬಾವಿ ಸೇದ್ತಾರ, ರೊಟ್ಟಿ ಮಾತ್ರ ಬ್ಯಾರೆ. ನಮ್ಮ ದೇಶದ ಜನಗಣತಿಯವರಿಗೂ ಇದು ಗೊತ್ತು. ಅವರ ಲೆಕ್ಕದಲ್ಲಿ ಕಟ್ಟಡ ಬೇರೆ, ಮನೆ ಬೇರೆ, ಕುಟುಂಬ ಬೇರೆ. ಬೇರೆ ಬಾಗಿಲು ಇದ್ದರೆ ಬೇರೆ ಮನೆ, ಬೇರೆ ಅಡುಗೆ ಇದ್ದರೆ ಬೇರೆ ಕುಟುಂಬ. ಹಂಗಾಗಿ ಕಂಬ ಒಂದೂ ಅಲುಗದೆ ಒಂದು ಮನಿ ಗಣತಿಯಲ್ಲಿ ನಾಲ್ಕು ಆಗ್ತದ.

ಆಮೇಲೆ ಹಿರಿಯರು, ಪಂಚರು ಕೂತು ವಾಟ್ನಿ ಯಾದಿ ಬರೀತಾರ. ಕೆಲವು ಕಡೆ ಒಂದು ಪದ್ಧತಿ ಅದ: ದೊಡ್ಡವ ಪಾಲು ಹಚ್ಚಬೇಕು, ಸಣ್ಣವ ಮೊದಲು ಆರಿಸಬೇಕು. ಪಾಲು ಮಾಡಿದವನಿಗೆ ಕೊನೆಯದು ಸಿಗೋದರಿಂದ ಅವನು ಮೋಸ ಮಾಡೋ ಹಂಗಿಲ್ಲ. ಇದೇ ಪ್ರಶ್ನೆಯನ್ನ ಪೋಲೆಂಡಿನ ಗಣಿತಜ್ಞ ಹ್ಯೂಗೋ ಸ್ಟೈನ್‌ಹೌಸ್ 1948ರಲ್ಲಿ ಪ್ರಬಂಧವಾಗಿ ಬರೆದ. ಈಗ ಅದು ಅಲ್ಗಾರಿದಮ್ ಪುಸ್ತಕದ ಅಧ್ಯಾಯ. ನಮ್ಮ ಕಟ್ಟಿ ಮೇಲೆ ಕೂತ ಹಿರಿಯರು ಅದನ್ನ ಎಲೆ-ಅಡಿಕೆ ಹಾಕ್ಕೊಂತ ಮುಗಿಸ್ತಿದ್ದರು.

ಅಂಕಣದ ಗುಣ ಇಲ್ಲಿ ಉಪಯೋಗಕ್ಕೆ ಬರ್ತದ. ಭಾರ ಹೊರೋದು ಕಂಬ. ಹಂಗಾಗಿ ಕಂಬದಿಂದ ಕಂಬಕ್ಕೆ ತೆಳ್ಳನೆ ಗೋಡೆ ಎತ್ತಿದರೆ ಸಾಕು, ಎರಡು ಮನಿ ತಯಾರು. ಪಡಸಾಲಿ ನಡುವೆ ಒಂದು ಗೋಡೆ ಬಂತು. ಕಂಬದ ಅರ್ಧ ಮೈ ಅಣ್ಣನ ಕಡೆ, ಅರ್ಧ ಮೈ ತಮ್ಮನ ಕಡೆ. ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ದನದ ಅಂಕಣ ಖಾಲಿಯಾಯ್ತು. ಗ್ವಾದಲಿ ಕಿತ್ತು ಕಡಪಾ ಕಲ್ಲು ಹಾಸಿದರೆ ಅದು ಸಣ್ಣ ತಮ್ಮನ ಮನಿ. ಇವತ್ತಿಗೂ ಎಷ್ಟೋ ಕಡೆ ಒಬ್ಬನ ಮನಿಯ ನೆಲ ಇನ್ನೊಬ್ಬನ ನೆಲಕ್ಕಿಂತ ಎರಡು ಅಡಿ ತಗ್ಗು ಇರೋದು ಯಾಕೆ ಅಂದರೆ, ಅಲ್ಲಿ ಹಿಂದೆ ಎತ್ತು ಮಲಗ್ತಿದ್ದವು. ಮನಿ ತನ್ನ ಇತಿಹಾಸವನ್ನ ನೆಲದಲ್ಲೇ ಬರ್ಕೊಂಡದ.

ವಿಜ್ಞಾನೇಶ್ವರನ ಪಟ್ಟಿ

ಹಂಚೋಕೆ ಬಾರದ ವಸ್ತುಗಳ ಗತಿ? ಈ ಪ್ರಶ್ನೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076-1126) ಆಸ್ಥಾನದಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಅನ್ನೋ ವ್ಯಾಖ್ಯಾನ ಬರೆದ. ಈಗಿನ ಬಸವಕಲ್ಯಾಣದಲ್ಲಿ ಕೂತು ಬರೆದ ಆ ಪುಸ್ತಕ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಹಕ್ಕನ್ನ ನಿರ್ಧರಿಸಿತು. 1810ರಲ್ಲಿ ಕೋಲ್‌ಬ್ರೂಕ್ ಅದರ ದಾಯಭಾಗವನ್ನ ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳೂ ಅದನ್ನೇ ಹಿಡಿದವು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಅನ್ನೋ ಮಾತಿನ ಮೂಲ ಇದು.

ಆ ಗ್ರಂಥದಲ್ಲಿ ಹಂಚಬಾರದ ವಸ್ತುಗಳ ಚರ್ಚೆ ಬರ್ತದ. ಬಾವಿಯನ್ನ ಬೆಲೆ ಕಟ್ಟಿ ಹಂಚಬಾರದು, ಸರದಿ ಪ್ರಕಾರ ನೀರು ಬಳಸಬೇಕು. ಮನೆಗೆ, ತೋಟಕ್ಕೆ ಹೋಗಿಬರೋ ದಾರಿಯನ್ನ ಹಂಚಬಾರದು. ಒಂಬೈನೂರು ವರ್ಷದ ಹಿಂದೆ ಒಬ್ಬ ಲೇಖಕ ‘ಕಾಮನ್ ಏರಿಯಾ’ ಬಗ್ಗೆ ಇಷ್ಟು ಸ್ಪಷ್ಟ ಯೋಚಿಸಿದ್ದ. ಅದೇ ಪಟ್ಟಿಯಲ್ಲಿ ದಾಸಿಯರೂ ಇದ್ದಾರೆ, ಅವರಿಂದಲೂ ಸರದಿ ಪ್ರಕಾರ ಕೆಲಸ ಮಾಡಿಸಬೇಕಂತೆ. ಇದನ್ನ ಮುಚ್ಚಿಟ್ಟು ಬರೀ ಬಾವಿಯ ಮಾತು ಹೇಳಿದರೆ ಅರ್ಧ ಇತಿಹಾಸ ಹೇಳಿದಂಗ.

ಬಾವಿ, ದಾರಿ ಎರಡನ್ನೂ ನಮ್ಮ ಊರಿನ ವಾಟ್ನಿಗಳು ಪಾಲಿಸಿಕೊಂಡು ಬಂದವು. ‘ಬಾವಿ ನಾಲ್ವರಿಗೂ ಸಮಾಯಿಕ, ತಲಬಾಗಿಲ ದಾರಿ ನಾಲ್ವರಿಗೂ ಸಮಾಯಿಕ’ ಅಂತ ಬರೆಯೋ ರೂಢಿ ಅದ. ಆ ಹಳೆ ಪಟ್ಟಿಯಲ್ಲಿ ಇಲ್ಲದ್ದು ಸೂರು. ವಾಟ್ನಿ ಕಾಗದಗಳಲ್ಲೂ ಅದು ಸಾಮಾನ್ಯವಾಗಿ ಇರೋದಿಲ್ಲ. ಯಾರ ಅಂಕಣವೋ ಅವರ ತಲೆ ಮೇಲಿನ ಸೂರು ಅವರದ್ದು ಅಂತ ಎಲ್ಲರೂ ಅಂದ್ಕೊಂಡರು.

ನೀರಿಗೆ ವಾಟ್ನಿ ಗೊತ್ತಿಲ್ಲ

ಅಲ್ಲೇ ಮನಿ ಸೋತದ್ದು. ಮಾಳಿಗಿ ಮೇಲಿನ ನೀರು ಒಂದೇ ಇಳಿಜಾರಲ್ಲಿ ಹರಿದು ಒಂದೇ ದೋಣಿಯಿಂದ ಹೊರಬೀಳೋ ಹಾಗೆ ಕಟ್ಟಿದ್ದು. ಅಣ್ಣ ತನ್ನ ಪಾಲಿಗೆ ಮಣ್ಣು ಹಾಕಿಸಿದ, ತಮ್ಮ ಹಾಕಿಸಲಿಲ್ಲ. ತಮ್ಮ ಪುಣೆಯಲ್ಲೋ ಬೆಂಗಳೂರಲ್ಲೋ ಇದ್ದಾನೆ, ಅವನ ಬಾಗಿಲಿಗೆ ಕೀಲಿ. ನೀರು ತಮ್ಮನ ಪಾಲಿನಲ್ಲಿ ಇಳಿದು ಅಣ್ಣನ ಗೋಡೆಯ ಹೊಟ್ಟೆ ಸೇರ್ತದ. ಮೊದಲೇ ಹೇಳಿದ್ದೆನಲ್ಲ, ಗೋಡೆಯ ಹೊಟ್ಟೆಯಲ್ಲಿ ಇರೋದು ಕೆಸರು.

ಇನ್ನೊಂದು ಕಡೆ ಮೂರನೆಯವ ದುಡ್ಡು ಮಾಡಿ ತನ್ನ ಎರಡು ಅಂಕಣ ಕೆಡವಿ ಆರ್‌ಸಿಸಿ ಹಾಕಿಸಿದ. ಅವನ ಸ್ಲ್ಯಾಬ್ ಎತ್ತರ, ಪಕ್ಕದ ಹಂಚು ತಗ್ಗು. ಎರಡೂ ಕೂಡೋ ಗೆರೆಯಲ್ಲಿ ನೀರು ನಿಲ್ತದ. ಎಷ್ಟು ಸಿಮೆಂಟ್ ಹಚ್ಚಿದರೂ ಮರುವರ್ಷ ಬಿರುಕು, ಯಾಕಂದ್ರ ಕಾಂಕ್ರೀಟು ಮತ್ತು ಕಟ್ಟಿಗೆ ಒಂದೇ ರೀತಿ ಹಿಗ್ಗಿ ಕುಗ್ಗೋದಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿದರೆ ಇನ್ನೊಂದು ತೊಂದರೆ. ಮೊದಲು ಗೋಡೆ ತನ್ನ ತೇವವನ್ನ ಹೊರಗೆ ಬಿಡ್ತಿತ್ತು, ಈಗ ಅದು ಒಳಗೇ ಸಿಕ್ಕಿಬೀಳ್ತದ. ಹೊರಗಿಂದ ಚಂದ, ಒಳಗೆ ಹಸಿ.

ನಡುವಿನ ಅಂಕಣ ಸಿಕ್ಕವನಿಗೆ ಎರಡೂ ಕಡೆ ಗೋಡೆ. ಬೆಳಕಿಂಡಿ ಪಕ್ಕದವನ ಪಾಲಿಗೆ ಹೋಯ್ತು. ಹಗಲಲ್ಲೂ ಬಲ್ಬು ಬೇಕು. ಒಲಿಯ ಹೊಗೆ ಜಂತಿಗೆ ಹುಳ ಹತ್ತದಂಗ ಕಾಯ್ತಿತ್ತು. ಗ್ಯಾಸ್ ಬಂದು ಹೆಣ್ಣುಮಕ್ಕಳ ಕಣ್ಣು, ಎದೆ ಉಳೀತು, ಅದು ದೊಡ್ಡ ಲಾಭ. ಆದರೆ ಆ ಹೊಗೆ ಮಾಡ್ತಿದ್ದ ಕೆಲಸವನ್ನ ಬೇರೆ ರೀತಿ ಮಾಡಬೇಕು ಅಂತ ಯಾರೂ ಯೋಚಿಸಲಿಲ್ಲ.

2019ರ ಆಗಸ್ಟ್ ಮಳೆ ನಿಮಗೆ ನೆನಪಿರಬೇಕು. ಉತ್ತರ ಕರ್ನಾಟಕದಲ್ಲಿ ಎಷ್ಟೊಂದು ಹಳೆ ಮನಿ ಬಿದ್ದವು. ಪೂರ್ತಿ ಬಿದ್ದ ಮನಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಒಂದೇ ಸೂರಿನ ಕೆಳಗೆ ನಾಲ್ಕು ಸಂಸಾರ ಇದ್ದು, ಪಂಚಾಯ್ತಿಯ ಖಾತೆ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ, ಬಿದ್ದದ್ದು ಒಂದು ಮನಿಯೋ ನಾಲ್ಕು ಮನಿಯೋ? 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಗಾವಠಾಣದ ಆಸ್ತಿಗಳನ್ನ ಡ್ರೋನ್ ಹಾರಿಸಿ ಅಳೀತಾರ. ಅದಕ್ಕೂ ಮುಂಚೆ ನೆಲದ ಮೇಲೆ ಸುಣ್ಣದಲ್ಲಿ ಗಡಿ ಗೆರೆ ಹಾಕ್ತಾರ. ಆದರೆ ಮೇಲಿಂದ ನೋಡೋ ಡ್ರೋನಿಗೆ ಕಾಣೋದು ಸೂರು. ಪಡಸಾಲಿ ನಡುವಿನ ಗೋಡೆ ಅದರ ಕಣ್ಣಿಗೆ ಬೀಳೋದಿಲ್ಲ. ಡ್ರೋನಿನ ಲೆಕ್ಕದಲ್ಲಿ ಅದು ಇನ್ನೂ ಒಂದೇ ಮನಿ. ಮಳೆಯ ಲೆಕ್ಕದಲ್ಲೂ ಹಂಗೇ.

ಅಕ್ಕ-ತಂಗಿಯರ ಅಂಕಣ

ಇಲ್ಲಿ ತನಕ ನಾಲ್ಕು ಅಣ್ಣತಮ್ಮಂದಿರ ಲೆಕ್ಕ ಹಾಕಿದ್ವಿ. ಇಬ್ಬರು ಅಕ್ಕ-ತಂಗಿಯರೂ ಇದ್ದರಲ್ಲ, ಅವರ ಅಂಕಣ ಯಾವುದು?

ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹೆಣ್ಣುಮಕ್ಕಳ ಆಸ್ತಿ ಹಕ್ಕಿಗೆ ಒಂದು ಕಾಯ್ದೆ ಆಗಿತ್ತು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ನಮಗೆ ಅದು ಸಿಗಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೂ ತಂದೆಯ ಪಾಲಿನಲ್ಲಿ ಹಕ್ಕು ಕೊಟ್ಟಿತು. ಆದರೆ ಅದರ 23ನೇ ಸೆಕ್ಷನ್ ವಾಸದ ಮನಿಯ ಬಗ್ಗೆ ಬೇರೆ ಮಾತು ಹೇಳ್ತಿತ್ತು. ಕುಟುಂಬದವರು ವಾಸವಿರೋ ಮನಿಯನ್ನ ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳೋ ತನಕ ಹೆಣ್ಣುಮಗಳು ಪಾಲು ಕೇಳೋ ಹಂಗಿಲ್ಲ. ಅಂದರೆ ಹೊಲದಲ್ಲಿ ಕೇಳಬಹುದು, ಅಂಕಣದಲ್ಲಿ ಕೇಳೋಕಾಗೋದಿಲ್ಲ. 1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಮಗಳನ್ನ ಮಗನಂತೆ ಪಾಲುದಾರಳನ್ನಾಗಿ ಮಾಡಿತು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂದು 23ನೇ ಸೆಕ್ಷನ್ ಹೋಯ್ತು, ಮದುವೆಯ ಷರತ್ತೂ ಹೋಯ್ತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲಿಲ್ಲ ಅಂದರೂ ಮಗಳ ಹಕ್ಕು ಇದ್ದೇ ಇದೆ ಅಂತ ಹೇಳಿತು. ಕಾರಣ, ಅದು ಹುಟ್ಟಿನಿಂದ ಬಂದ ಹಕ್ಕು. ವಿಜ್ಞಾನೇಶ್ವರ ಮಗನಿಗೆ ಹೇಳಿದ ಮಾತು ಮಗಳ ತನಕ ಬರೋಕೆ ಒಂಬೈನೂರು ವರ್ಷ ಹಿಡೀತು.

ಕಾಗದದ ಮಾತು ಅದು. ಊರಲ್ಲಿ ನಡೆಯೋದು ಏನಂದ್ರ, ಅಕ್ಕ-ತಂಗಿಯರಿಗೆ ಸೀರಿ-ಕುಬಸ ಕೊಟ್ಟು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳೋದು. ಅವರೂ ಹಾಕ್ತಾರ. ಯಾಕಂದ್ರ ಪಾಲು ಕೇಳಿದರೆ ಪಂಚಮಿಗೆ ಕರೆಯೋರು ಯಾರೂ ಇರೋದಿಲ್ಲ ಅನ್ನೋ ಹೆದರಿಕೆ. ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರೋದು, ಜೋಕಾಲಿ ಜೀಕೋದು, ಉಂಡಿ ತಿನ್ನೋದು. ಈಗ ಆ ಅಕ್ಕ ಬಂದು ಓಣಿಯಲ್ಲಿ ನಿಂತರೆ ಎದುರಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿಗೆ ಹೋದರೂ ಉಳಿದ ಮೂವರಿಗೆ ಬೇಜಾರು. ಅಣ್ಣತಮ್ಮಂದಿರಿಗೆ ಆ ಮನಿ ಎರಡೋ ಎರಡೂವರೆಯೋ ಅಂಕಣ. ಪೂರ್ತಿ ಒಂಬತ್ತು ಅಂಕಣವನ್ನ ‘ನನ್ನ ಮನಿ’ ಅಂತ ನೆನೆಸಿಕೊಳ್ಳೋರು ಈಗ ಅವರು ಮಾತ್ರ.

ಫ್ಲಾಟಿನ ಕಾಗದ ಒಮ್ಮೆ ಓದ್ರಿ

ಇನ್ನು ಮುಂದೇನು? ಒಂಬತ್ತು ಅಂಕಣ ಆರು ಜನಕ್ಕೆ, ಅವರ ಮಕ್ಕಳು ಹದಿನೈದು ಜನಕ್ಕೆ ಹಂಚೋಕೆ ಸಾಧ್ಯ ಇಲ್ಲ. ಕಂಬಕ್ಕಿಂತ ಪಾಲುದಾರರು ಹೆಚ್ಚಾದರು. ಹಂಗಾಗಿ ಜೆಸಿಬಿ ಕರೆಸಿ ಕೆಡವಿ, ಕಂಬ-ಬಾಗಿಲು ಹಳೆ ಕಟ್ಟಿಗೆ ವ್ಯಾಪಾರಿಗೆ ಮಾರಿ, ಸೈಟು ಮಾಡಿ ಹಂಚಿಕೊಳ್ಳೋದೇ ದಾರಿ ಅನಸ್ತದ. ಆ ಕಂಬ ಯಾವುದೋ ರೆಸಾರ್ಟಿನ ರಿಸೆಪ್ಶನ್ನಿನಲ್ಲಿ ನಿಂತಿರ್ತದ.

ಇಟಲಿಯ ಟಸ್ಕನಿಯಲ್ಲೂ ಇಂಥ ದೊಡ್ಡ ಕಲ್ಲಿನ ರೈತ ಮನಿಗಳಿದ್ದವು. ಕೆಳಗೆ ದನ, ಮೇಲೆ ಮಂದಿ. ಬೆಳೆಯ ಅರ್ಧ ಪಾಲು ಒಡೆಯನಿಗೆ ಕೊಡೋ ಪದ್ಧತಿ. 1964ರಲ್ಲಿ ಅಲ್ಲಿನ ಸರ್ಕಾರ ಅಂಥ ಹೊಸ ಕರಾರುಗಳನ್ನ ನಿಲ್ಲಿಸಿತು. ರೈತರು ಪಟ್ಟಣಕ್ಕೆ ಹೋದರು, ಮನಿಗಳು ಖಾಲಿ ಬಿದ್ದವು. ಆಮೇಲೆ ಎಷ್ಟೋ ಮನಿಗಳನ್ನ ಒಳಗೆ ನಾಲ್ಕಾರು ಮನೆಗಳಾಗಿ ಮಾಡಿ ಉಳಿಸಿಕೊಂಡರು. ಅಲ್ಲಿಯ ಕಲ್ಲು ನಮ್ಮ ಕಲ್ಲಿಗಿಂತ ಗಟ್ಟಿಯೇನಲ್ಲ. ಆದರೆ 1942ರ ಅವರ ಸಿವಿಲ್ ಕೋಡ್‌ನಲ್ಲಿ ಒಂದು ಕಟ್ಟಡದಲ್ಲಿ ಹಲವು ಮನೆಗಳಿದ್ದರೆ ಸೂರು, ಮುಖ್ಯ ಗೋಡೆ, ಅಂಗಳ, ಬಾವಿ ಎಲ್ಲರದ್ದು, ಖರ್ಚೂ ಎಲ್ಲರದ್ದು ಅಂತ ಬರೆದದ.

ಅಷ್ಟು ದೂರ ಯಾಕ ಹೋಗಬೇಕು? ನೀವು ಸಾಲ ಮಾಡಿ ತಗೊಂಡ ಫ್ಲಾಟಿನ ಕಾಗದ ತೆಗೆದು ನೋಡ್ರಿ. ಯುಡಿಎಸ್ ಅಂತ ಒಂದು ಸಾಲು ಇರ್ತದ, ಅಂದರೆ ಭೂಮಿಯಲ್ಲಿ ನಿಮ್ಮ ಅವಿಭಾಜ್ಯ ಪಾಲು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಸಾಮಾನ್ಯ ಜಾಗಗಳ ಪಟ್ಟಿ ಕೊಡ್ತದ. ಅದರಲ್ಲಿ ಪಾಯ, ಕಂಬ, ತೊಲೆ, ಮುಖ್ಯ ಗೋಡೆ, ಸೂರು ಎಲ್ಲಾ ಇದ್ದಾವ. ಅವನ್ನ ಯಾರೂ ಹಂಚಿಕೊಡಿ ಅಂತ ಕೇಳೋ ಹಂಗಿಲ್ಲ. ಪರಿಚಯವೇ ಇಲ್ಲದ ನೂರು ಮಂದಿಯ ಜೊತೆ ಸೇರಿ ನಾವು ಪ್ರತಿ ತಿಂಗಳು ಮೇಂಟೆನೆನ್ಸ್ ಕಟ್ಟತೀವಿ. ಲಿಫ್ಟು ಕೆಟ್ಟರೆ ನೆಲಮಹಡಿಯವನೂ ಕೊಡ್ತಾನೆ. ಒಂದೇ ಅವ್ವನ ಮಕ್ಕಳು ಸೇರಿ ಅಜ್ಜ ಕಟ್ಟಿದ ಸೂರಿಗೆ ವರ್ಷಕ್ಕೊಮ್ಮೆ ಹಂಚು ತಿರುವಿಸೋದು ಅದಕ್ಕಿಂತ ಕಠಿಣ ಇರಬೇಕಾಗಿಲ್ಲ.

ಹಳೆ ಮನಿಗೆ ಅಪಾರ್ಟ್‌ಮೆಂಟ್ ಕಾಯ್ದೆ ಹಚ್ಚಬೇಕು ಅಂತ ನಾ ಹೇಳೋದಿಲ್ಲ. ವಾಟ್ನಿ ಪತ್ರಕ್ಕೆ ನಾಲ್ಕು ಸಾಲು ಸೇರಿಸಿದರೆ ಸಾಕು. ಒಂದು: ಸೂರು, ಹೊರಗೋಡೆ, ನಡುವಿನ ಕಂಬ, ನೀರು ಹೋಗೋ ದೋಣಿ ಎಲ್ಲರದ್ದು, ಇವು ವಾಟ್ನಿಗೆ ಬರೋದಿಲ್ಲ. ಎರಡು: ಮಳೆಗಾಲಕ್ಕೆ ಮುಂಚಿನ ದುರಸ್ತಿ ಖರ್ಚು ಪಾಲಿಗೆ ತಕ್ಕಂತೆ ಎಲ್ಲರೂ ಕೊಡಬೇಕು, ಊರಲ್ಲಿ ಇರಲಿ ಬಿಡಲಿ. ಮೂರು: ಯಾರಾದರೂ ತನ್ನ ಅಂಕಣ ಕೆಡವೋದಾದರೆ ಪಕ್ಕದವರ ಸೂರಿಗೆ, ಗೋಡೆಗೆ ಆಧಾರ ಕೊಟ್ಟೇ ಕೆಡವಬೇಕು. ನಾಲ್ಕು: ಅಕ್ಕ-ತಂಗಿಯರ ಪಾಲು ಎಷ್ಟು ಅಂತ ಹೆಸರು ಹಾಕಿ ಬರೀಬೇಕು. ಅವರಿಗೆ ಅಂಕಣವೇ ಕೊಡ್ತೀರೋ, ರೊಕ್ಕ ಕೊಡ್ತೀರೋ, ಪಡಸಾಲಿಯಲ್ಲಿ ಎಲ್ಲರ ಜೊತೆ ಪಾಲು ಇಡ್ತೀರೋ, ಅದು ಅವರನ್ನ ಕೇಳಿ ಆಗಬೇಕು. ಇದನ್ನೆಲ್ಲ ವಕೀಲರಿಗೆ ತೋರಿಸಿ ನೋಂದಣಿ ಮಾಡಿಸಿ. ಬಾಯಿ ಮಾತಿನ ವಾಟ್ನಿಯನ್ನ ಸಾಬೀತು ಮಾಡೋದು ಈಗ ಭಾಳ ಕಷ್ಟ.

ಬೆಂಗಳೂರಲ್ಲಿ ಕೂತ ನಮ್ಮಂಥವರ ಅಂಕಣಕ್ಕೇ ಹೆಚ್ಚಾಗಿ ಕೀಲಿ ಬಿದ್ದಿರೋದು, ನೀರು ಮೊದಲು ಇಳಿಯೋದೂ ಅಲ್ಲೇ. ಹಂಗಾಗಿ ಮೊದಲ ಫೋನು ನಾವೇ ಮಾಡಬೇಕು. ಪಂಚಮಿಗೆ ಅಕ್ಕ-ತಂಗಿಯರು ಬಂದಾಗ, ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗಿ, ಉಂಡಿ ತಿಂದು, ಒಮ್ಮೆ ನಿಚ್ಚಣಿಕೆ ಹಚ್ಚಿ ಸೂರು ನೋಡಿ ಬರ್ರಿ. ಪಂಚಮಿ ಬರೋ ಹೊತ್ತಿಗೆ ಮಳೆ ಹಿಡಿದಿರ್ತದ. ಎಲ್ಲಿ ಸೋರ್ತದ ಅಂತ ಹುಡುಕೋಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ.